ಲಾರಿಗೆ ಎಂಜಿನ್ ಮಾನಿಟರ್ ಕೊಳ್ಳುವ ಮೊದಲು ವೋಲ್ಟೇಜ್ ಕೇಳಿ

ಸಂಪಾದಕರಿಗೆ ನಮಸ್ಕಾರ.

ಗಾಡಿಯ ಕಂಪ್ಯೂಟರಿಗೆ ಸೇರುವ ಓಬಿಡಿ ಸಾಕೆಟ್‌ಗೆ ಸಿಕ್ಕಿಸಿ ಎಂಜಿನ್‌ನ ಸ್ಥಿತಿಯನ್ನು ಮೊಬೈಲಿನಲ್ಲಿ ನೋಡುವ ಸಣ್ಣ ಸಾಧನಗಳ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬರೆದಿದ್ದಿರಿ. ಕಾರು ಇರುವವರಿಗೆ ಉಪಯೋಗವಾಗುವ ಬರಹ. ಆದರೆ ಅದರಲ್ಲಿ ಎಲ್ಲಾ ಡೀಸೆಲ್ ವಾಹನಗಳಿಗೂ ಇದು ಆಗುತ್ತದೆ ಎಂಬ ಅರ್ಥದ ಒಂದು ಸಾಲು ಇತ್ತು. ಆ ಒಂದು ಸಾಲಿಗಾಗಿ ಈ ಪತ್ರ. ಅದೇ ಮಾತನ್ನು ಅಂಗಡಿಯವರೊಬ್ಬರು ನನಗೂ ಹೇಳಿದ್ದರು. ನಾನು ನಂಬಿದೆ. ನನ್ನ ಲಾರಿಯಲ್ಲಿ ಆ ಸಾಧನ ಸುಟ್ಟುಹೋಯಿತು.

ನಾನು ಪೆರ್ಲದವನು. 23 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಹೋಗುವಾಗ ಅಡಿಕೆ ಅಥವಾ ತೆಂಗಿನಕಾಯಿ, ಬರುವಾಗ ಹಾಸನ ಕಡೆಯ ಬಟಾಟೆ, ಬೈಹುಲ್ಲು, ಪಶು ಆಹಾರ. ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ ದಾಟಿ ಹೆದ್ದಾರಿ 75 ಹಿಡಿದರೆ ಮತ್ತೆ ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ. ಈ ದಾರಿಯ ತಿರುವುಗಳು ನನಗೆ ಮನೆಯ ಮೆಟ್ಟಿಲುಗಳಷ್ಟು ಪರಿಚಯ.

ನನ್ನ ಹಳೆಯ ಲಾರಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಸ್ವರ ಕೇಳಿ, ಹೊಗೆ ನೋಡಿ ಎಂಜಿನ್‌ಗೆ ಏನಾಗಿದೆ ಎಂದು ಹೇಳುತ್ತಿದ್ದೆವು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಹೊಗೆಯ ಹೊಸ ನಿಯಮದ ಬಿಎಸ್ 6 ಆದವು. 2021ರಲ್ಲಿ ಸಾಲ ಮಾಡಿ ನಾನೂ ಒಂದು ತೆಗೆದೆ. ಗಾಡಿ ಒಳ್ಳೆಯದೇ. ಆದರೆ ಹೊಗೆಯ ಮಸಿಯನ್ನೆಲ್ಲ ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಹೊಗೆ ನೋಡಿ ಹೇಳುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಮುಂದೆ ಒಂದು ಹಳದಿ ದೀಪ ಹತ್ತುತ್ತದೆ, ಅಷ್ಟೇ. ಯಾಕೆ ಹತ್ತಿತು ಎಂದು ದೀಪ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಹೀಗೇ ಒಂದು ದೀಪ ಹತ್ತಿತ್ತು. ಯೂರಿಯಾ ನೀರಿನ ದೀಪ, ನಾವು ಆಡ್‌ಬ್ಲೂ ಎನ್ನುವುದು. ನೂರರಲ್ಲಿ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿ ಸೈಲೆನ್ಸರ್ ಒಳಗೆ ಅದು ಅಮೋನಿಯ ಆಗಿ, ಹೊಗೆಯಲ್ಲಿರುವ ವಿಷದ ಗಾಳಿಯನ್ನು ಸಾರಜನಕ ಮತ್ತು ನೀರಾವಿ ಮಾಡಿ ಹೊರಗೆ ಬಿಡುತ್ತದೆ. ಅದು ಖಾಲಿಯಾದರೆ ಕಂಪ್ಯೂಟರ್ ಮೊದಲು ಎಳೆತ ಕಡಿಮೆ ಮಾಡುತ್ತದೆ. ಅದಕ್ಕೂ ಕೇಳದಿದ್ದರೆ ಗಾಡಿಯನ್ನು ತೆವಳುವ ವೇಗಕ್ಕೆ ತರುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ನನ್ನ ಟ್ಯಾಂಕು ತುಂಬಿತ್ತು. ನಾನೇ ಕೈಯಾರೆ ತುಂಬಿಸಿದ್ದೆ. ಹಾಗಾಗಿ ಆ ದೀಪವನ್ನು ಎರಡು ದಿನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರನೆಯ ರಾತ್ರಿ ಗುಂಡ್ಯ ದಾಟಿ ಐದಾರು ಕಿಲೋಮೀಟರ್ ಹತ್ತಿದ ಮೇಲೆ ಎಳೆತ ಹೋಯಿತು. ಆಕ್ಸಿಲರೇಟರ್ ನೆಲಕ್ಕೆ ತಾಗಿಸಿದರೂ ಗಾಡಿ ಮುಂದೆ ಹೋಗಲು ಕೇಳುವುದಿಲ್ಲ. ಜೋರು ಮಳೆ. ಹಿಂದೆ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳ ಸಾಲು. ಮೊದಲನೇ ಗೇರಿನಲ್ಲಿ ಹೇಗೋ ಒಂದು ಅಗಲದ ಜಾಗಕ್ಕೆ ತಂದು ನಿಲ್ಲಿಸಿದೆ. ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬ ಹುಡುಗ ಬಂದ. ಸಿಕ್ಕಿಸಿದ ಎರಡೇ ನಿಮಿಷದಲ್ಲಿ ಹೇಳಿದ: “1761, 3.” 1761 ಎಂದರೆ ಯೂರಿಯಾ ಟ್ಯಾಂಕಿನ ಮಟ್ಟ. 3 ಎಂದರೆ ಆ ಸೆನ್ಸರ್‌ನ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ. ತಂತಿ ಕಡಿದರೂ ಹಾಗೆ ತೋರಿಸುತ್ತದೆ. ಟ್ಯಾಂಕಿನ ಹಿಂದೆ ತಂತಿ ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ತುಂಡಾಗಿತ್ತು. ನೀರು ಇತ್ತು. ಇದೆ ಎಂದು ಕಂಪ್ಯೂಟರಿಗೆ ಹೇಳುವ ತಂತಿ ಇರಲಿಲ್ಲ.

ಸರಿ ಮಾಡಲು 20 ನಿಮಿಷ ಸಾಕಾಯಿತು. ಆ ಹುಡುಗ ಬಂದುಹೋದ ಖರ್ಚು, ಒಂದು ದಿನ ನಿಂತ ಲೋಡು, ಪಾರ್ಟಿ ಹಿಡಿದುಕೊಂಡ ಬಾಡಿಗೆ ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಆ ಎರಡು ಅಂಕಿ ನನಗೆ ಪೆರ್ಲದಲ್ಲೇ ಗೊತ್ತಾಗಿದ್ದರೆ ಮನೆ ಅಂಗಳದಲ್ಲೇ ತಂತಿ ಹುಡುಕುತ್ತಿದ್ದೆ, ಅಲ್ವಾ?

ಹಾಗಾಗಿ ಊರಿಗೆ ಬಂದವನೇ ಒಂದು ಸಾಧನ ತೆಗೆದೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಬ್ಲೂಟೂತ್. 850 ರೂಪಾಯಿ. ಭಾವನ ಪಿಕಪ್‌ಗೆ ಹಾಕಿ ನೋಡಿದೆವು, ಮೊಬೈಲಿನಲ್ಲಿ ಅಂಕಿಗಳು ಚಕಚಕ ಬಂದವು. ಲಾರಿಗೆ ಹಾಕಲು ಹೋದರೆ ಒಳಗೆ ಹೋಗುವುದಿಲ್ಲ. ಸಾಕೆಟ್ ನೋಡಲು ಅದೇ ಆಕಾರ, ಅದೇ 16 ಪಿನ್ನು. ಟಾರ್ಚ್ ಹಿಡಿದು ನೋಡಿದೆ. ಎರಡು ಸಾಲು ಪಿನ್ನುಗಳ ನಡುವೆ ಒಂದು ಕೊರಕಲು ಇರುತ್ತದೆ, ಉದ್ದದ ಸೀಳಿನ ಹಾಗೆ. ಪಿಕಪ್‌ನಲ್ಲಿ ಅದು ಈ ತುದಿಯಿಂದ ಆ ತುದಿಗೆ ನೇರ. ಲಾರಿಯಲ್ಲಿ ಸರಿಯಾಗಿ ನಡುವಲ್ಲಿ ಒಂದು ತಡೆ. ತಯಾರಿಸುವಾಗ ಏನೋ ಉಳಿದುಹೋಗಿದೆ ಎಂದುಕೊಂಡೆ. ಬ್ಲೇಡು ತೆಗೆದು ಸಾಧನದ ಪ್ಲಾಸ್ಟಿಕ್ಕನ್ನು ಅಷ್ಟೇ ಜಾಗದಲ್ಲಿ ಕೆತ್ತಿ ಒತ್ತಿದೆ. ಹೋಯಿತು. ಕೆಂಪು ದೀಪ ಹತ್ತಿತು. ಮೊಬೈಲಿನಲ್ಲಿ ಏನೂ ಬರಲಿಲ್ಲ. ಹತ್ತು ನಿಮಿಷದಲ್ಲಿ ವಾಸನೆ ಬಂತು. ಕೈ ಹಾಕಿದರೆ ಮುಟ್ಟಲಿಕ್ಕೆ ಆಗದಷ್ಟು ಬಿಸಿ. ಎಳೆದು ತೆಗೆಯುವಾಗ ಒಂದು ಮೂಲೆ ಮೆತ್ತಗಾಗಿ ಬೆರಳಿಗೆ ಅಂಟಿತು. ಫ್ಯೂಸ್ ಕೂಡ ಹೋಯಿತು.

ಬದಿಯಡ್ಕದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು. “ಅಣ್ಣ, ನಿಮ್ಮದು ಎರಡು ಬ್ಯಾಟರಿಯ ಗಾಡಿ. ಇದರ ಪೆಟ್ಟಿಗೆಯಲ್ಲಿ ಎಲ್ಲಿಯಾದರೂ 24 ಅಂತ ಉಂಟಾ?” ಇರಲಿಲ್ಲ.

ಕಾರಿನ ಕರೆಂಟು 12 ವೋಲ್ಟ್, ಎರಡು ಬ್ಯಾಟರಿ ಜೋಡಿಸಿದ ನನ್ನ ಲಾರಿಯದು 24. ಆ ನಡುವಿನ ತಡೆ ಸುಮ್ನೆ ಇಟ್ಟದ್ದಲ್ಲ. 12 ವೋಲ್ಟಿನ ಪ್ಲಗ್ 24 ವೋಲ್ಟಿನ ಗಾಡಿಗೆ ಹೋಗಬಾರದು ಎಂದೇ ಇಟ್ಟದ್ದು. 24ರ ಪ್ಲಗ್ 12ರ ಸಾಕೆಟ್‌ಗೆ ಹೋಗುತ್ತದೆ, 12ರದ್ದು 24ಕ್ಕೆ ಹೋಗುವುದಿಲ್ಲ. ಓಡುವ ಲಾರಿಯಲ್ಲಿ ಆ ಪಿನ್ನಿಗೆ 28 ವೋಲ್ಟಿನ ತನಕ ಬರುತ್ತದೆ. ಅಗ್ಗದ ಸಾಧನಗಳು ಅದನ್ನು 5 ವೋಲ್ಟಿಗೆ ಇಳಿಸುವಾಗ ಮಿಕ್ಕಿದ್ದನ್ನೆಲ್ಲ ಬಿಸಿ ಮಾಡಿಯೇ ಕಳೆಯಬೇಕು. ಕಾರಿನಲ್ಲಿ 14ರಿಂದ 5ಕ್ಕೆ ಇಳಿಸಿದರೆ ಸಾಕು, ಇಲ್ಲಿ 28ರಿಂದ. ಅಂದರೆ ಎರಡೂವರೆ ಪಟ್ಟು ಬಿಸಿ. ಪ್ಲಾಸ್ಟಿಕ್ ಕರಗದೆ ಇರುತ್ತದಾ?

ಎಲ್ಲಾ ಲಾರಿಗಳ ಸಾಕೆಟ್‌ನಲ್ಲೂ ಈ ತಡೆ ಇದ್ದೇ ಇರುತ್ತದೆ ಎಂದು ನಂಬಿ ಕೂರಬೇಡಿ. ಮಲ್ಟಿಮೀಟರ್ ಹಿಡಿದು ನೋಡುವುದು ಖಚಿತ. 16ನೇ ಪಿನ್ನಿಗೆ ಕೆಂಪು, 4ನೇ ಪಿನ್ನಿಗೆ ಕಪ್ಪು. 24ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ ತೋರಿಸಿದರೆ ಕಾರಿನ ಸಾಧನದ ಆಸೆ ಬಿಟ್ಟುಬಿಡಿ. ಪಿನ್ನಿನ ನಂಬರು ಗೊತ್ತಿಲ್ಲದಿದ್ದರೆ ಗ್ಯಾರೇಜಿನವರ ಕೈಯಲ್ಲೇ ನೋಡಿಸಿ. ಮುಳ್ಳು ಜಾರಿ ಪಕ್ಕದ ಪಿನ್ನಿಗೆ ತಾಗಿದರೆ ಬೇರೆ ಕಥೆಯಾದೀತು.

ಪೆಟ್ಟಿಗೆಯ ಮೇಲೆ ‘ದೊಡ್ಡ ಟ್ರಕ್ಕುಗಳಿಗೆ’ ಎಂದು ಬರೆದಿದ್ದರೂ ಸಾಲದು. ಅಮೆರಿಕದ ದೊಡ್ಡ ಟ್ರಕ್ಕುಗಳು 12 ವೋಲ್ಟಿನವು. ಅವುಗಳ ಸಾಕೆಟ್ ಹೆಚ್ಚಾಗಿ ದುಂಡಗೆ, 9 ಪಿನ್ನಿನದು. ಮೊಬೈಲಿನಲ್ಲಿ ಲಾರಿ ಮಾನಿಟರ್ ಎಂದು ಹುಡುಕಿದರೆ ಮೊದಲು ಬರುವುದು ಹೆಚ್ಚಾಗಿ ಅಲ್ಲಿನವೇ. ಅಲ್ಲಿನ ಡ್ರೈವರುಗಳು ಹೊಗಳಿದ್ದು ಸುಳ್ಳಲ್ಲ, ಆದರೆ ಅವರ ಗಾಡಿ ಬೇರೆ, ನಮ್ಮದು ಬೇರೆ. ‘12/24’ ಎಂದು ಎರಡೂ ಅಂಕಿ ಅಚ್ಚಾಗಿರಬೇಕು. ನಮ್ಮ 16 ಪಿನ್ನಿನ ಪ್ಲಗ್ ಅಥವಾ ಅದಕ್ಕೆ ಬೇಕಾದ ಕೇಬಲ್ ಜೊತೆಗೇ ಬರಬೇಕು.

ಎರಡನೆಯ ವಿಷಯ ಭಾಷೆಯದ್ದು. ಕಾರಿನ ಕಂಪ್ಯೂಟರ್ ಮಾತಾಡುವುದು ಒಂದು ರೀತಿ, ದೊಡ್ಡ ಲಾರಿಯ ಕಂಪ್ಯೂಟರ್ ಮಾತಾಡುವುದು ಹೆಚ್ಚಾಗಿ ಇನ್ನೊಂದು ರೀತಿ. ಲಾರಿಯದಕ್ಕೆ ಜೆ 1939 ಎಂದು ಹೆಸರು. ಕಾರಿನ ಎಂಜಿನ್ ದೋಷ ‘ಪಿ’ ಅಕ್ಷರದಿಂದ ಶುರುವಾಗುವ ಒಂದು ಕೋಡ್. ಲಾರಿಯದು ಎರಡು ಅಂಕಿಯ ಜೋಡಿ: ಯಾವ ಭಾಗ, ಏನು ತೊಂದರೆ. ನಾವು ಕಾಸರಗೋಡಿನವರು ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು ಮಾತಾಡಿ ಬೆಳೆದವರು. ಎದುರಿನವನ ಭಾಷೆ ಬಾರದಿದ್ದರೆ ಎಷ್ಟು ಹತ್ತಿರ ನಿಂತರೂ ಏನೂ ಗೊತ್ತಾಗುವುದಿಲ್ಲ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾಧನಕ್ಕೂ ಹಾಗೆಯೇ. ವೋಲ್ಟೇಜ್ ಸರಿ ಇದ್ದರೂ ಜೆ 1939 ಬಾರದಿದ್ದರೆ ದೀಪ ಹತ್ತುತ್ತದೆ, ಮೊಬೈಲು ಖಾಲಿ. ಅದರಲ್ಲೂ ಎರಡು ವೇಗ ಇವೆ, ಹಳೆಯದಕ್ಕೆ 250, ಹೊಸದಕ್ಕೆ 500 ಕಿಲೋಬಿಟ್. ಎರಡೂ ಬರುವಂಥದ್ದೇ ಬೇಕು.

ಅಗ್ಗದ ಸಾಧನಗಳ ಮೇಲೆ ಎಲ್ಮ್ 327 ಎಂದು ಬರೆದಿರುತ್ತದೆ. ಅದು ಕೆನಡಾದ ಒಂದು ಕಂಪನಿಯ ಚಿಪ್. ಆ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿತು. ಅಸಲಿ ಚಿಪ್ಪಿಗೆ ಜೆ 1939 ಬರುತ್ತಿತ್ತು. ಪೇಟೆಯಲ್ಲಿ ನೂರಾರು ರೂಪಾಯಿಗೆ ಸಿಗುವ ನಕಲುಗಳಲ್ಲಿ ಬಹಳಷ್ಟಕ್ಕೆ ಹೆಸರು ಮಾತ್ರ ಇದೆ, ಆ ವಿದ್ಯೆ ಇಲ್ಲ.

ಕೊನೆಗೆ ನಾನು ತೆಗೆದದ್ದು ಎಂಟು ಸಾವಿರ ಚಿಲ್ಲರೆಯದು. ಕೇಬಲ್ ಇದೆ, ಅಂಗೈ ಅಗಲದ ಒಂದು ಪರದೆ ಇದೆ, ಸ್ಟೇರಿಂಗ್ ಪಕ್ಕದಲ್ಲಿ ಕೂತಿದೆ. ಕೊಳ್ಳುವ ಮೊದಲು ಅಂಗಡಿಯವರನ್ನು ಕರೆದುಕೊಂಡು ಹೋಗಿ ನನ್ನ ಲಾರಿಗೇ ಹಾಕಿಸಿ ನೋಡಿದೆ. ಎಂಜಿನ್ ಸ್ಟಾರ್ಟ್ ಮಾಡಿಸಿ, ನೀರಿನ ಬಿಸಿ, ಆಯಿಲ್ ಪ್ರೆಶರ್, ಯೂರಿಯಾ ಮಟ್ಟ, ಡಿಪಿಎಫ್ ಒತ್ತಡ, ಈ ನಾಲ್ಕೂ ಬಂದ ಮೇಲೆಯೇ ಹಣ ಕೊಟ್ಟೆ. ಇದಕ್ಕೆ ಒಪ್ಪದ ಅಂಗಡಿಯಿಂದ ತೆಗೆಯಲೇಬೇಡಿ. ಎಷ್ಟೇ ದೊಡ್ಡ ಹೆಸರಿನ ಸಾಧನವಾದರೂ ನಿಮ್ಮ ಗಾಡಿಯ ಎಲ್ಲಾ ಅಂಕಿ ಓದುತ್ತದೆ ಎಂದು ಹೇಳಲಾಗದು. ಕೆಲವು ಅಂಕಿಗಳನ್ನು ಕಂಪನಿಯ ಸ್ಕ್ಯಾನರ್ ಮಾತ್ರ ಓದುತ್ತದೆ.

ಮೊಬೈಲಿಗೆ ಬರುವ ಬ್ಲೂಟೂತ್ ಸಾಧನವೂ ಆಗುತ್ತದೆ, ಬೆಲೆ ಕಡಿಮೆ. ಆದರೆ ಘಾಟಿಯಲ್ಲಿ ಮೊಬೈಲ್ ನೋಡಬಾರದು, ನೋಡುವುದೂ ಇಲ್ಲ. ನನಗೆ ಬೇಕಾದದ್ದು ಅಂಕಿ ಮಿತಿ ದಾಟಿದ ಕೂಡಲೇ ಕೂಗುವ ಒಂದು ಬಝರ್. ಹತ್ತು ಲಾರಿ ಇರುವವರಿಗೆ ಸಿಮ್ ಹಾಕಿ ಆಫೀಸಿಗೆ ಮಾಹಿತಿ ಕಳುಹಿಸುವವು ಬರುತ್ತವೆ, ತಿಂಗಳ ಬಾಡಿಗೆ ಇರುತ್ತದೆ. ಒಂದೇ ಲಾರಿಯವನಿಗೆ ಅದು ಬೇಡ.

ಉಪಯೋಗ ಎಷ್ಟಾಯಿತು ಎಂದು ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ.

ಗಾಡಿಯ ಸ್ವಂತ ಮೀಟರಿನಲ್ಲಿ ಬಿಸಿಯ ಮುಳ್ಳು ನಡುವಲ್ಲಿ ನಿಂತರೆ ನಿಂತೇ ಇರುತ್ತದೆ. ಅದು ಅಲ್ಲಾಡುವಾಗ ತಡವಾಗಿರುತ್ತದೆ. ಮಾನಿಟರಿನಲ್ಲಿ ಅಂಕಿಯೇ ಬರುತ್ತದೆ. ಮೊದಲ ಒಂದು ತಿಂಗಳು ನಾನು ಸುಮ್ನೆ ಬರೆದಿಟ್ಟುಕೊಂಡೆ. ಉಪ್ಪಿನಂಗಡಿಯಲ್ಲಿ 84 ಡಿಗ್ರಿ, ಗುಂಡ್ಯದಲ್ಲಿ 86, ಪೂರ್ತಿ ಲೋಡಿನಲ್ಲಿ ಘಾಟಿ ಹತ್ತುವಾಗ 93. ಇದು ನನ್ನ ಲಾರಿಯ ದಿನದ ಅಂಕಿ. ಬೇರೆಯವರದು ಬೇರೆ ಇರುತ್ತದೆ. ಮೊನ್ನೆ ಫೆಬ್ರವರಿಯಲ್ಲಿ ಅರ್ಧ ಲೋಡಿನಲ್ಲೇ ಅದೇ ಜಾಗದಲ್ಲಿ 98 ಬಂತು. ಮುಳ್ಳು ನಡುವಲ್ಲೇ ಇತ್ತು. ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ರೇಡಿಯೇಟರಿನ ಮುಂದೆ ಬೈಹುಲ್ಲಿನ ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಹಿಂದಿನ ಮೂರು ಟ್ರಿಪ್ಪೂ ಬೈಹುಲ್ಲೇ ತಂದಿದ್ದೆ. ಎಂಜಿನ್ ತಣಿದ ಮೇಲೆ ಬ್ರಶ್ಶಿನಲ್ಲಿ ಬಿಡಿಸಿ, ಸಕಲೇಶಪುರದಲ್ಲಿ ನೀರು ಹೊಡೆಸಿದೆ. ಮತ್ತೆ 91. ಆ ದಿನ ಗೊತ್ತಾಗದೆ ಏಪ್ರಿಲ್ ಬಿಸಿಲಿನಲ್ಲಿ ಪೂರ್ತಿ ಲೋಡು ಹಾಕಿಕೊಂಡು ಹತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು.

ಇನ್ನೊಂದೂ ಬೈಹುಲ್ಲಿನದೇ. ಡಿಪಿಎಫ್‌ನಲ್ಲಿ ಮಸಿ ತುಂಬಿದಾಗ ಗಾಡಿ ತಾನಾಗಿ ಅದನ್ನು ಸುಡುತ್ತದೆ. ಆಗ ಫಿಲ್ಟರ್ ಒಳಗಿನ ಬಿಸಿ 600 ಡಿಗ್ರಿಯ ಆಸುಪಾಸು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಾವು ಬೈಹುಲ್ಲು ಇಳಿಸಲು ಹಟ್ಟಿಯ ಪಕ್ಕ ನಿಲ್ಲಿಸುತ್ತೇವೆ. ನೆಲದ ಮೇಲೆಲ್ಲ ಒಣ ಹುಲ್ಲು ಬಿದ್ದಿರುತ್ತದೆ. ಈಗ ನಾನು ಪರದೆಯಲ್ಲಿ ಸೈಲೆನ್ಸರ್ ಬಿಸಿ ನೋಡಿಯೇ ಅಂಗಳಕ್ಕೆ ಇಳಿಸುತ್ತೇನೆ. ಸುಡುವ ಕೆಲಸ ನಡೆಯುತ್ತಿದ್ದರೆ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ಕಾಯುತ್ತೇನೆ. ಬೈಹುಲ್ಲು ಸಾಗಿಸುವ ಪ್ರತಿಯೊಬ್ಬ ಚಾಲಕರಿಗೂ ಇದು ತಿಳಿದಿರಬೇಕು. ಈ ಪತ್ರದಲ್ಲಿ ಜಾಗ ಸಾಲದಿದ್ದರೆ ಉಳಿದದ್ದನ್ನು ಕತ್ತರಿಸಿ, ಇದೊಂದನ್ನು ಬಿಡಬೇಡಿ.

ಭಾವನ ಅಣ್ಣನದು ಟಿಪ್ಪರ್. ಮುರಕಲ್ಲಿನ ಕೋರೆಯಿಂದ ಕೆಲಸದ ಜಾಗಕ್ಕೆ ಏಳೆಂಟು ಕಿಲೋಮೀಟರ್ ಓಟ, ಮಧ್ಯೆ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟು ನಿಲ್ಲುವುದು. ಮಸಿ ಸುಡುವಷ್ಟು ಬಿಸಿಯೇ ಆಗುವುದಿಲ್ಲ. ಫಿಲ್ಟರ್ ಎರಡು ಸಲ ಕಟ್ಟಿಕೊಂಡಿತು. ಈಗ ಅವರೂ ಮಾನಿಟರ್ ಹಾಕಿದ್ದಾರೆ. ಡಿಪಿಎಫ್ ಒತ್ತಡ ಏರುತ್ತಾ ಹೋದರೆ ಭಾನುವಾರ ಹೆದ್ದಾರಿ 66ರಲ್ಲಿ ಕುಂಬಳೆಯಿಂದ ತಲಪಾಡಿ ತನಕ ಒಂದೇ ವೇಗದಲ್ಲಿ ಓಡಿಸಿ ಬರುತ್ತಾರೆ.

ಸಾಧನ ಲಾರಿಯನ್ನು ರಿಪೇರಿ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಕೋಡ್ ಅಳಿಸುವ ಬಟನ್ ಹೆಚ್ಚಿನವುಗಳಲ್ಲಿ ಇದೆ. ಅಳಿಸಿದರೆ ದೀಪ ಆರುತ್ತದೆ, ತುಂಡಾದ ತಂತಿ ಕೂಡುವುದಿಲ್ಲ. ಮೆಕ್ಯಾನಿಕ್‌ಗೆ ತೋರಿಸುವ ಮೊದಲು ಅಳಿಸಲೇಬೇಡಿ, ಅವರಿಗೆ ಸಿಗುವ ಸುಳಿವು ಅದೊಂದೇ. ಯೂರಿಯಾ ಇಲ್ಲದಿದ್ದರೂ ಇದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಪೆಟ್ಟಿಗೆಗಳನ್ನೂ ಇದೇ ಸಾಕೆಟ್‌ನ ಹೆಸರಿನಲ್ಲಿ ಮಾರುತ್ತಾರೆ. ನನಗೂ ಕೊಡಲು ಬಂದಿದ್ದರು. ಲೀಟರಿಗೆ ಕೆಲವು ರೂಪಾಯಿ ಉಳಿಸಲು ಆ ವಿಷದ ಗಾಳಿಯನ್ನು ನಮ್ಮದೇ ಊರಿನ ಶಾಲೆಯ ಎದುರು ಬಿಡುತ್ತಾ ಹೋಗಲು ನನ್ನಿಂದ ಆಗದು. ಅದು ಕಾನೂನಿಗೂ ವಿರುದ್ಧ.

ಇನ್ನೊಂದು ಸಣ್ಣ ಮಾತು. ಆ 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಕರೆಂಟು ಬರುತ್ತಾ ಇರುತ್ತದೆ. ಕೀ ತೆಗೆದಾಗ ತಾನಾಗಿ ಮಲಗುವ ಸಾಧನವೇ ಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಲೋಡಿಲ್ಲದೆ ಎಂಟು ಹತ್ತು ದಿನ ನಿಂತ ಗಾಡಿಯ ಬ್ಯಾಟರಿ ಕುಡಿದು ಹಾಕುತ್ತದೆ. ನಾನು ಹೇಗೂ ಗಾಡಿ ನಿಲ್ಲಿಸುವಾಗ ಕೇಬಲ್ ಕಿತ್ತು ಇಡುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಈ ಸಾಧನಗಳ ಪರದೆ ಇಂಗ್ಲಿಷ್‌ನಲ್ಲಿ ಇರುತ್ತದೆ. ಜೊತೆಗೆ ಬರುವ ಕಾಗದವೂ ಇಂಗ್ಲಿಷ್. ನಮ್ಮ ಕಡೆಯ ಚಾಲಕರಲ್ಲಿ ಎಂಜಿನ್ ಗೊತ್ತಿರುವವರು, ಓದಲು ಕನ್ನಡ ಮಾತ್ರ ಬರುವವರು ತುಂಬಾ ಜನ ಇದ್ದಾರೆ. ನಾನು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸನ್ ವೈಸರ್‌ಗೆ ಅಂಟಿಸಿಕೊಂಡಿದ್ದೇನೆ. 100 ಆಯಿಲ್ ಪ್ರೆಶರ್. 102 ಟರ್ಬೊ ಗಾಳಿಯ ಒತ್ತಡ. 110 ಎಂಜಿನ್ ನೀರಿನ ಬಿಸಿ. 157 ಇಂಜೆಕ್ಟರಿಗೆ ಹೋಗುವ ಡೀಸೆಲ್‌ನ ಒತ್ತಡ. 168 ಬ್ಯಾಟರಿ. 190 ಎಂಜಿನ್ ವೇಗ. 1761 ಯೂರಿಯಾ ಮಟ್ಟ. 3251 ಡಿಪಿಎಫ್ ಒತ್ತಡ. ಅದರ ಕೆಳಗೆ ಎರಡನೆಯ ಅಂಕಿಯದು: 0 ಆದರೆ ಮಿತಿಗಿಂತ ತುಂಬಾ ಜಾಸ್ತಿ, 1 ಆದರೆ ತುಂಬಾ ಕಡಿಮೆ, 3 ಮತ್ತು 4 ಆದರೆ ಮೊದಲು ತಂತಿ ನೋಡು. 100ರ ಜೊತೆ 1 ಬಂದರೆ ಇರುವಲ್ಲೇ ಬದಿಗೆ ತೆಗೆದು ಎಂಜಿನ್ ಆರಿಸು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಈ ಹಾಳೆಯನ್ನು ನೋಡಿ ಐದಾರು ಜನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಒಬ್ಬರು ಮುಳ್ಳೇರಿಯದವರು, ಒಬ್ಬರು ಸುಳ್ಯದವರು. ನನ್ನ ಹಾಳೆಯಲ್ಲಿ ಇರುವುದು ಇಷ್ಟೇ. ತಿಳಿದವರ ಕೈಯಲ್ಲಿ ಇಂಥದೊಂದು ಪೂರ್ತಿ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ ನಿಮ್ಮ ವಾಹನ ಪುಟದಲ್ಲಿ ಅರ್ಧ ಪುಟದಷ್ಟು ಹಾಕಿ. ಕತ್ತರಿಸಿ ಅಂಟಿಸಿಕೊಳ್ಳುವಷ್ಟು ದಪ್ಪ ಅಕ್ಷರದಲ್ಲಿ ಇರಲಿ, ರಾತ್ರಿ ಕ್ಯಾಬಿನ್ ದೀಪದಲ್ಲೂ ಓದಲಿಕ್ಕೆ ಬರಬೇಕು.

ಇಂತಿ,
ಒಬ್ಬ ಲಾರಿ ಮಾಲೀಕ ಮತ್ತು ಚಾಲಕ
ಪೆರ್ಲ, ಕಾಸರಗೋಡು ಜಿಲ್ಲೆ